ಬೆಂಕಿ ತಾಕದ ಕೈ

ಕಮಲಾಪುರದಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ರೊಟ್ಟಿ ಬಡಿಯಲು ಮೊದಲು ಮಾನಮ್ಮನಿಗೆ ಹೇಳಿ ಕಳಿಸುತ್ತಿದ್ದರು. ಬೆಳಿಗ್ಗೆ ಒಲೆಯ ಮುಂದೆ ಕುಳಿತಳೆಂದರೆ ಹೊತ್ತು ನೆತ್ತಿಗೆ ಬರುವವರೆಗೆ ಏಳುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಸುದ್ದಿ ಅವಳ ಎಡಗೈಯದು. ಎರಡು ವರ್ಷದಿಂದ ಆ ಕೈ ಕಾದ ಹಂಚಿಗೆ ಹೆದರುತ್ತಿರಲಿಲ್ಲ. ಬೇರೆ ಹೆಂಗಸರು ಬೆರಳು ಬಾಯಿಗಿಟ್ಟುಕೊಂಡು ಊದಿಕೊಳ್ಳುವಾಗ ಅವಳು ಬರಿಗೈಯಲ್ಲಿ ರೊಟ್ಟಿ ಎತ್ತಿ, ತಿರುವಿ, ಬುಟ್ಟಿಗೆ ಹಾಕುತ್ತಿದ್ದಳು.

"ಶರಣರ ವರ ಅದ ನೋಡ್ರಿ ಆ ಕೈಗೆ," ಎನ್ನುತ್ತಿದ್ದಳು ನೆರೆಮನೆಯ ಜಯದೇವಿ. "ನಮ್ಮ ಬೆರಳು ಗಂಡನ ಸಿಟ್ಟು ತಡಕೋತಾವ, ಹಂಚಿನ ಶಾಖ ತಡಕೊಳ್ಳಲ್ಲ."

ಹೆಂಗಸರು ನಗುತ್ತಿದ್ದರು. ಮಾನಮ್ಮನಿಗೂ ಒಳಗೊಳಗೆ ಹೆಮ್ಮೆ. ಮೊಣಕೈ ಹತ್ತಿರ ಚರ್ಮ ಒಂದಿಷ್ಟು ಬಿಳಿಚಿಕೊಂಡಿತ್ತು. ತುರಿಕೆ ಇಲ್ಲ, ನೋವಿಲ್ಲ. ನೋವಿಲ್ಲದ್ದನ್ನು ಯಾರು ಲಕ್ಷಿಸುತ್ತಾರೆ?

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆ್ಯಕ್ಷನ್ ಆದಮೇಲೆ ಅದು ಐದನೆಯ ಬೇಸಿಗೆ. ಜಯದೇವಿಯ ಮಗಳ ಮದುವೆಗೆ ಕಲಬುರಗಿಯಿಂದ ಅಮೀನಾ ಬಂದಿದ್ದಳು. ಮೊದಲು ಇದೇ ಓಣಿಯವಳು. ಆ ಗಡಬಡಿಯ ದಿನಗಳಲ್ಲಿ ಮಾನಮ್ಮ ಅವಳನ್ನು ನಾಲ್ಕು ದಿನ ಜೋಳದ ಚೀಲಗಳ ಹಿಂದೆ ಬಚ್ಚಿಟ್ಟು ಅನ್ನ ಹಾಕಿದ್ದಳು. ಆಮೇಲೆ ಕಲಬುರಗಿಯ ರೋಜಾ ಬಡಾವಣೆಯಲ್ಲಿದ್ದ ಅಣ್ಣನ ಮನೆ ಸೇರಿದ ಅಮೀನಾ ಈಗ ಚರ್ಮರೋಗ ನೋಡುವ ದವಾಖಾನೆಯೊಂದರಲ್ಲಿ ಡಾಕ್ಟರ ಕೈಕೆಳಗೆ ಕೆಲಸ ಮಾಡುತ್ತಿದ್ದಳು.

ಇಬ್ಬರೂ ಒಲೆಯ ಮುಂದೆ ಹಳೆಯ ಮಾತು ತೆಗೆದು ಕುಳಿತಿದ್ದರು. ಇದ್ದಕ್ಕಿದ್ದಂತೆ ಸೀದ ವಾಸನೆ ಬಂತು.

"ಮಾತಿನಾಗ ರೊಟ್ಟಿ ಸೀದ್ವು ನೋಡು," ಎಂದು ಮಾನಮ್ಮ ಹಂಚಿನತ್ತ ಬಗ್ಗಿದಳು. ರೊಟ್ಟಿ ಸೀದಿರಲಿಲ್ಲ. ಬೆಳ್ಳಗೆ ಉಬ್ಬಿ ನಿಂತಿತ್ತು.

ಅಮೀನಾ ಕಿರುಚಿದಳು. "ಮಾನಕ್ಕಾ, ಕೈ ತೆಗಿ! ಕಿರಿಬೆರಳು!"

ಹಂಚಿನ ಅಂಚಿಗೆ ಅಂಟಿದ್ದ ಎಡಗೈಯ ಕಿರುಬೆರಳಿನಿಂದ ಹೊಗೆ ಏಳುತ್ತಿತ್ತು. ಮಾನಮ್ಮ ಅದನ್ನು ಬೇರೆ ಯಾರದೋ ಬೆರಳೆಂಬಂತೆ ನೋಡಿದಳು. ಕಿತ್ತುಕೊಂಡಾಗ ಚರ್ಮ ಹಂಚಿನ ಮೇಲೆಯೇ ಉಳಿಯಿತು. ಆದರೂ ಅವಳ ಬಾಯಿಂದ ಒಂದು "ಹಾ" ಬರಲಿಲ್ಲ.

ಅಮೀನಾ ಬೆರಳಿಗೆ ತಣ್ಣೀರು ಹಾಕಿ, ಶುದ್ಧ ಬಟ್ಟೆ ಸುತ್ತಿ, ಮಾನಮ್ಮನನ್ನು ಅವಳ ಮನೆಗೆ ಕರೆದುಕೊಂಡು ಹೋದಳು.

"ಕಣ್ಣು ಮುಚ್ಚು. ಈ ಹತ್ತಿ ಅರಳಿಲೆ ಮುಟ್ಟತೀನಿ. ಮುಟ್ಟಿದಾಗೊಮ್ಮೆ ಹೂಂ ಅನ್ನು."

ಬಲಗೈಗೆ ಮಾನಮ್ಮ ಸರಿಯಾಗಿ ಹೂಂಗುಟ್ಟಿದಳು. ಆಮೇಲೆ ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ ಬೇಸರದಿಂದ, "ಯಾಕ ಸುಮ್ಮ ಕುಂತಿ? ಎಡಗೈ ಮುಟ್ಟವ್ವಾ, ರೊಟ್ಟಿ ಇನ್ನಾ ಅರ್ಧ ಉಳದಾವ," ಎಂದಳು.

"ಎಂಟು ಸರತಿ ಮುಟ್ಟೀನಿ, ಅಕ್ಕಾ."

ಮಾನಮ್ಮ ಕಣ್ಣು ತೆರೆದಳು. ಅರಳೆ ಆ ಬಿಳಿಚಿದ ಚರ್ಮದ ಮೇಲೆಯೇ ಇತ್ತು.

"ಇದು ವರ ಅಲ್ಲ. ಕುಷ್ಠ ಇರಬೇಕು. ಡಾಕ್ಟರ ನೋಡಿ ಹೇಳ್ತಾರ."

ಗಂಡ ಅಣವೀರಪ್ಪ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಬಾಗಿಲು ಹಾಕಿ ಬಂದ.

"ಸಾವಕಾಶ ಮಾತಾಡಬೇ! ದೊಡ್ಡರೋಗ ಅಂತ ಓಣ್ಯಾಗ ಗೊತ್ತಾದ್ರ ನಮಗ ಬಾವಿ ನೀರು ಬಂದ್ ಆಗ್ತದ. ನಮ್ಮ ಮನಿತನದಾಗ ಯಾರಿಗೂ ಇಲ್ಲ. ಬಂದ್ರ ಇಕಿ ತವರಿಂದ ಬಂದಿರಬೇಕು."

"ಅಣ್ಣಾ, ಇದು ರಕ್ತದಾಗ ಬರಲ್ಲ. ಪಾಪಕ್ಕ ಬರಲ್ಲ. ಕಣ್ಣಿಗೆ ಕಾಣಲಾರದ ಸಣ್ಣ ಜಂತು ಅದ. ಈ ರೋಗ ಇದ್ದೂ ಔಷಧ ತಗೊಳಲಾರದವರ ಸಂಗಾಟ ಭಾಳ ದಿನ ಇದ್ರ ಬರಬಹುದು. ಬಂದ್ರೂ ಭಾಳ ಮಂದಿ ಮೈಯೇ ಅದನ್ನ ಹೊರಗ ಹಾಕ್ತದ."

"ಮತ್ತ ನನ್ನ ಬೆರಳು?" ಎಂದಳು ಮಾನಮ್ಮ. "ಉದರತಾವೇನು?"

"ತಾವಾಗೇ ಉದರಲ್ಲ, ಅಕ್ಕಾ. ಬೆರಳು ಯಾಕ ಹೋಗ್ತಾವ ಅನ್ನೂದನ್ನ ಡಾಕ್ಟರು ಈಗೀಗ ಪತ್ತೆ ಹಚ್ಯಾರ. ಗಡಬಡ್ಯಾಗ ಸುದ್ದಿ ಕಳಸೂ ತಾರಿನ ತಂತಿ ಕಡದ್ರ ಅಲ್ಲಿ ಬೆಂಕಿ ಹತ್ತಿದ್ದು ಇಲ್ಲಿ ಗೊತ್ತಾಗತಿತ್ತೇನು? ಹಂಗೇ ಮೈಯಾಗ ನರ ಅದಾವ, ಸುದ್ದಿ ಒಯ್ಯೂವು. ಈ ಜಂತು ಅವನ್ನ ಕೆಡಸ್ತದ. ಬೆರಳು ಸುಟ್ಟದ್ದು ತಲಿಗೆ ತಿಳಿಯಲ್ಲ. ಹುಣ್ಣಾಗಿ, ಕೊಳತು ಹೋಗ್ತದ. ಇವತ್ತ ನಾ ಇರಲಿಲ್ಲಂದ್ರ?"

ಮಾನಮ್ಮ ಬಟ್ಟೆ ಸುತ್ತಿದ ಬೆರಳನ್ನು ಎದೆಗೆ ಒತ್ತಿಕೊಂಡಳು.

"ಅದಕ್ಕ ಔಷಧ ಎಲ್ಲಿ ಅದ?" ಎಂದ ಅಣವೀರಪ್ಪ. "ನಮ್ಮ ಹಿರೇರು ಹುಚ್ಚರಿದ್ರೇನು, ಗುಳಗಿ ನುಂಗೂದು ಬಿಟ್ಟು ಊರಿಂದ ಹೊರಗ ಹೋಗಾಕ?"

"ಅವರ ಕಾಲದಾಗ ಇರಲಿಲ್ಲ. ಮೊದಲ ಒಂದು ಎಣ್ಣಿ ಸೂಜಿಲೆ ಚುಚ್ಚತಿದ್ರು. ನೋವು ಭಾಳ, ಗುಣ ಕಮ್ಮಿ. ಹತ್ತು ವರ್ಷದ ಹಿಂದ ಹೊರದೇಶದಾಗ ಹೊಸ ಔಷಧ ಕೊಟ್ಟು ನೋಡಿದ್ರು. ಡಾಕ್ಟರೇ ಆಸೆ ಬಿಟ್ಟಿದ್ದ ರೋಗಿಗಳ ಹುಣ್ಣು ಒಣಗಿದ್ವು, ಚರ್ಮದಾಗಿನ ಜಂತು ವರ್ಷಾ ವರ್ಷಾ ಕಮ್ಮಿ ಆದ್ವು. ಆಮ್ಯಾಲ ನಮ್ಮ ದೇಶದಾಗೂ ಕೊಟ್ಟು ನೋಡ್ಯಾರ. ಸುಳ್ಳು ಹೇಳಂಗಿಲ್ಲ ಅಣ್ಣಾ, ಗುಳಗಿ ವರ್ಷಗಟ್ಟಲೆ ನುಂಗಬೇಕು. ಸತ್ತ ಸ್ಪರ್ಶ ಪೂರಾ ಬರ್ತದಂತ ಹೇಳಾಕ ಬರಲ್ಲ. ಆದ್ರ ಉಳದದ್ದು ಉಳೀತದ. ಮನ್ಯಾಗಿನ ಎಲ್ಲಾರೂ ತೋರಿಸಿಕೊಬೇಕು. ನೀವೂ."

"ನನಗೇನು ಧಾಡಿ ಆಗ್ಯದ?" ಅಣವೀರಪ್ಪ ಸಿಟ್ಟಿನಿಂದ ಅಂಗಿ ಕಳೆದು ಬೆನ್ನು ತಿರುಗಿಸಿ ಕುಳಿತ. "ನೋಡ್ರಿ, ಕಣ್ಣ ತುಂಬ ನೋಡ್ರಿ!"

ಹೆಗಲ ಕೆಳಗೆ, ಅವನ ಕೈಗೂ ಕಣ್ಣಿಗೂ ಎಟುಕದ ಜಾಗದಲ್ಲಿ, ತಾಮ್ರದ ಬಣ್ಣದ ಒಂದು ಮಚ್ಚೆ ಇತ್ತು. ಸುತ್ತಲಿನ ಚರ್ಮಕ್ಕೆ ಅರಳೆ ಸೋಕಿದರೆ ಸಾಕು, "ಹೂಂ, ಹೂಂ" ಎಂದು ಗುಡುಗುತ್ತಿದ್ದ. ಮಚ್ಚೆಯ ಮೇಲೆ ನಾಲ್ಕು ಸಲ ಸೋಕಿದರೂ ಮಾತಿಲ್ಲ. ಮಾನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ಬಿಕ್ಕಿದ್ದು ಕೇಳಿ ಅಣವೀರಪ್ಪ ತಿರುಗಿದ. ಹೆಂಡತಿಯ ಮುಖ ನೋಡಿದ. ಅವನ ಸಿಟ್ಟು ಅಲ್ಲೇ ಇಳಿಯಿತು.

ಅವಳ ಸುಟ್ಟ ಬೆರಳಿನತ್ತ ನೋಡಿ ಕೇಳಿದ. "ನನ್ನಿಂದ ಇಕಿಗೆ ಬಂತೇನು?"

"ಯಾರಿಂದ ಯಾರಿಗೆ ಅಂತ ಯಾರೂ ಹೇಳಾಕ ಬರಲ್ಲ, ಅಣ್ಣಾ. ಅದು ಬಿಡ್ರಿ. ನಾಳಿಗೆ ದವಾಖಾನಿಗೆ ಬರ್ತೀರೋ ಇಲ್ಲೋ, ಅದನ್ನ ಹೇಳ್ರಿ."

ಅವನು ಹೆಂಡತಿಯ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. "ಮುಂಜಾನಿ ಮೊದಲನೇ ಮೋಟಾರಿಗೇ ಹೋಗೂಣು," ಎಂದ.

ಓದುವ, ಕೇಳುವ ತಾಯಂದಿರೇ, ಅಣ್ಣಂದಿರೇ, ಆಗ ವರ್ಷಗಟ್ಟಲೆ ಗುಳಿಗೆ ನುಂಗಬೇಕಿತ್ತು. ಈಗ ಔಷಧಿಗಳನ್ನು ಜೊತೆ ಮಾಡಿ ಕೊಡುತ್ತಾರೆ. ಹೆಚ್ಚಿನವರಿಗೆ ಆರು ತಿಂಗಳಿಂದ ಒಂದು ವರ್ಷ ಸಾಕು. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಔಷಧ ಶುರುವಾದ ಸ್ವಲ್ಪ ದಿನಕ್ಕೇ ರೋಗ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಆದ್ದರಿಂದ ರೋಗಿಯನ್ನು ದೂರ ಮಾಡಬೇಡಿ, ರೋಗವನ್ನು ಮುಚ್ಚಿಡಬೇಡಿ. ನೋವಾದರೆ ನಾವೇ ಓಡಿ ಹೋಗುತ್ತೇವೆ. ನೋವೇ ಆಗದ ಜಾಗವನ್ನು ಹುಡುಕಿ ನೋಡಬೇಕು. ಇವತ್ತೇ ಮನೆಮಂದಿಯೆಲ್ಲ ಬೆಳಕಿನಲ್ಲಿ ಕುಳಿತು ಒಬ್ಬರ ಬೆನ್ನು ಒಬ್ಬರು ನೋಡಿರಿ. ಬಿಳಿಚಿದ ಅಥವಾ ಕೆಂಪಗಿನ ಮಚ್ಚೆ ಕಂಡು, ಅಲ್ಲಿ ಸ್ಪರ್ಶ ತಿಳಿಯದಿದ್ದರೆ, ಹೆದರದೆ ಆಸ್ಪತ್ರೆಯ ದಾರಿ ಹಿಡಿಯಿರಿ.