ತುಟಿಯ ಕೊಕ್ಕೆ, ಎದೆಯ ಯಂತ್ರ

ನನ್ನಾಕೆ ತೀರಿಕೊಂಡ ಸುದ್ದಿ ಬಂದಾಗ ನಾನು ಅಂಗಿಯೊಂದಕ್ಕೆ ತೋಳು ಕೂಡಿಸುತ್ತಿದ್ದೆ. ತಂಗಿಯ ಮನೆಗೆ ಹೋದವಳು ರಾತ್ರಿ ಮಲಗಿದಳು, ಬೆಳಿಗ್ಗೆ ಏಳಲಿಲ್ಲ. ಫೋನಿನಲ್ಲಿ ನಾದಿನಿ ಅಳುತ್ತಿದ್ದಳು. ನನ್ನ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೆಯೇ ಇತ್ತು.

ಆಮೇಲೆ ಹಲ್ಲು ನೋಯತೊಡಗಿತು. ಹೇಳಿಕೊಳ್ಳಲು ಮನೆಯಲ್ಲಿ ಯಾರಿದ್ದರು? ಲವಂಗ ಕಚ್ಚಿಕೊಂಡು ದಿನ ದೂಡಿದೆ. ಕೆನ್ನೆ ಊದಿಕೊಂಡ ಮೇಲೆ, ಕೊರಳಲ್ಲಿ ಅಳತೆಯ ಟೇಪು ಇದ್ದ ಹಾಗೆಯೇ ಹಲ್ಲಿನ ಡಾಕ್ಟರ ಬಳಿ ಹೋದೆ.

"ಹಲ್ಲಿನ ಬೇರು ಶುದ್ಧ ಮಾಡ್ಬೇಕು ತಾತ," ಎಂದರು ಡಾಕ್ಟರಮ್ಮ. "ಹೃದಯದ ತೊಂದರೆ, ಬಿಪಿ, ಶುಗರು ಏನಾದ್ರೂ ಇದೆಯಾ?"

ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ಯಾವ ಡಾಕ್ಟರು ಏನು ಕೇಳಿದರೂ ನನ್ನಾಕೆಯೇ ಉತ್ತರ ಕೊಡುತ್ತಿದ್ದಳು. "ಇವರನ್ನ ಕೇಳ್ಬೇಡಿ. ಊರವರ ಎದೆ ಸುತ್ತಳತೆಯೆಲ್ಲ ಬಾಯಿಪಾಠ, ತಮ್ಮೆದೆಯೊಳಗೆ ಏನಿದೆ ಅಂತ ಗೊತ್ತಿಲ್ಲ" ಎನ್ನುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಈಗ ನನ್ನ ಕೈಚೀಲ ಮಾತ್ರ ಇತ್ತು.

"ಏನೂ ಇಲ್ಲಮ್ಮ," ಎಂದೆ. ಪೇಸ್‌ಮೇಕರ್ ಹಾಕಿಸಿ ಎದೆ ಸರಿಹೋಗಿದೆ. ಸರಿಹೋದದ್ದನ್ನು ತೊಂದರೆ ಎನ್ನುವುದು ಹೇಗೆ? ಅದು ನನ್ನ ಲೆಕ್ಕ.

ಇಂಜೆಕ್ಷನ್ ಕೊಟ್ಟು ಜೋಮು ಹಿಡಿಸಿ, ಹಲ್ಲನ್ನು ಕೊರೆದು ತೆರೆದರು. ಸ್ವಲ್ಪ ಹೊತ್ತಿಗೆ ತಂತಿಯ ತುದಿಯ ಚಿಕ್ಕ ಕೊಕ್ಕೆಯೊಂದನ್ನು ಕೈಗೆತ್ತಿಕೊಂಡರು.

"ಅದೇನಮ್ಮ?"

"ನಿಮ್ಮ ಟೇಪಿನ ಹಾಗೇನೇ. ಬೇರು ಎಷ್ಟು ಉದ್ದ ಅಂತ ಅಳೆಯೋ ಯಂತ್ರ. ಕೊಕ್ಕೆ ತುಟಿಗೆ, ಸಣ್ಣ ಸೂಜಿ ಬೇರೊಳಗೆ. ಅಳತೆ ತಪ್ಪಿದ್ರೆ ಕೊಳೆ ಒಳಗೇ ಉಳಿಯುತ್ತೆ, ಇಲ್ಲಾ ಸೂಜಿ ಬೇರಿನಾಚೆ ಹೋಗುತ್ತೆ."

"ಕರೆಂಟಾ?"

"ತುಂಬಾ ಸಣ್ಣದು. ನಿಮಗೆ ಗೊತ್ತೂ ಆಗಲ್ಲ."

"ನನಗೆ ಗೊತ್ತಾಗಲ್ಲ, ಸರಿ. ಎದೆಯೊಳಗೊಂದು ಪೇಸ್‌ಮೇಕರ್ ಕೂತಿದೆಯಲ್ಲ, ಅದಕ್ಕೆ?"

ಡಾಕ್ಟರಮ್ಮ ಕೊಕ್ಕೆಯನ್ನು ತಟ್ಟೆಯಲ್ಲಿಟ್ಟರು. "ಏನೂ ಇಲ್ಲ ಅಂದ್ರಲ್ಲ ತಾತ."

"ಇದನ್ನೆಲ್ಲ ಹೇಳೋಳು ಅವಳು. ಅವಳೀಗ ಇಲ್ಲಮ್ಮ."

ಅವರು ನನ್ನ ಚೀಟಿಯಲ್ಲಿ ಪೇಸ್‌ಮೇಕರ್ ಎಂದು ಬರೆದುಕೊಂಡರು. "ಹಾಗಾದ್ರೆ ಇನ್ಮೇಲೆ ನೀವೇ ಹೇಳ್ಬೇಕು. ಪೇಸ್‌ಮೇಕರ್ ಇರೋ ಎಲ್ಲರಿಗೂ ಇದರಿಂದ ತೊಂದರೆ ಅಂತಲ್ಲ. ಆದ್ರೆ ನಿಮ್ಮ ಹೃದಯದ ಡಾಕ್ಟರನ್ನ ಕೇಳದೆ ನಾನು ಇದನ್ನ ಹಚ್ಚಲ್ಲ."

"ನಿಲ್ಲಿಸಿಬಿಡಿ, ನೋವು ತಿಂದ್ಕೊಂಡೇ ಇರ್ತೀನಿ."

"ಅಳತೆ ಸಿಗಲಿಲ್ಲ ಅಂತ ಬಟ್ಟೆ ಬಿಸಾಕ್ತೀರಾ? ಅವರು ಯಂತ್ರ ಬೇಡ ಅಂದ್ರೆ ಎಕ್ಸ್‌ರೇಯಿಂದ ಅಳೆಯೋಣ."

ಅಂದು ಮದ್ದಿಟ್ಟು ಹಲ್ಲು ಮುಚ್ಚಿ ಕಳಿಸಿದರು. ಹೃದಯದ ಡಾಕ್ಟರು ನನ್ನ ಪೇಸ್‌ಮೇಕರಿನ ವಿವರ ನೋಡಿ ಒಪ್ಪಿದ ಮೇಲೆಯೇ ಮತ್ತೆ ಕರೆಸಿ, ಶುದ್ಧ ಮಾಡಿದ ಕೊಕ್ಕೆಯನ್ನು ತುಟಿಗೆ ಸಿಕ್ಕಿಸಿದರು. ಯಂತ್ರ ಸಣ್ಣಗೆ ಸದ್ದು ಮಾಡಿತು. ಎದೆ ತನ್ನ ಪಾಡಿಗೆ ತಾನು ನಡೆದಿತ್ತು. ಎಕ್ಸ್‌ರೇ ತೆಗೆದು ಅಳತೆಯನ್ನು ಇನ್ನೊಮ್ಮೆ ತಾಳೆ ನೋಡಿದರು.

ಮನೆಗೆ ಬಂದು ಬಾಗಿಲು ತೆಗೆದು, "ನಾನೇ ಹೇಳಿದೆ ಕಣೇ," ಎಂದೆ. ಕೈಚೀಲವನ್ನು ಅವಳ ಫೋಟೋದ ಕೆಳಗಿಟ್ಟೆ.

ಓದುವ ಅಣ್ಣಂದಿರೇ, ಅಕ್ಕಂದಿರೇ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಬೇರೆ ಯಾವ ಯಂತ್ರವಿದ್ದರೂ, ಹಲ್ಲಿನ ಕುರ್ಚಿಯಲ್ಲಿ ಕೂರುವ ಮುನ್ನವೇ ಬಾಯಿಬಿಟ್ಟು ಹೇಳಿ. ಹೆದರಿ ಹಲ್ಲನ್ನು ಕೊಳೆಯಲು ಬಿಡಬೇಡಿ, ನಾಚಿ ಮುಚ್ಚಿಡಬೇಡಿ. ನಿಮಗಾಗಿ ಹೇಳುವವರು ಸದಾ ಪಕ್ಕದಲ್ಲಿರುವುದಿಲ್ಲ.

ಭಗವಂತ, ಬದುಕಿಡೀ ಅವಳು ನನ್ನ ಪರವಾಗಿ ಮಾತಾಡಿದಳು. ಈಗ ಅವಳ ಪರವಾಗಿ ನಿನ್ನಲ್ಲಿ ಕೇಳುವ ಸರದಿ ನನ್ನದು. ಅವಳ ಆತ್ಮಕ್ಕೆ ಶಾಂತಿ ಕೊಡು.