ಗೋಡೆಯಿಲ್ಲದ ಮನೆಯ ಬಾಗಿಲು

ನಮ್ಮ ಪಂಚಾಯಿತಿಯಲ್ಲಿ ಕೇಡು ಬಯಸುವವರು ಯಾರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬಯ್ಯಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನಾನು ಚಂದ್ರು, ಮಾದಾಪುರದ ಹತ್ತಿರದ ನಮ್ಮೂರಿನಲ್ಲಿ ನಲ್ಲಿಗೆ ನೀರು ಬಿಡುವವನು. ಬೆಳಗ್ಗೆ ವಾಲ್ವ್ ತಿರುಗಿಸಿದ ಮೇಲೆ ಪಂಚಾಯಿತಿ ಕಚೇರಿಯಲ್ಲೇ ಕೂತಿರುತ್ತೇನಾದ್ದರಿಂದ ಎಲ್ಲ ಮೀಟಿಂಗೂ ಕಿವಿಗೆ ಬೀಳುತ್ತದೆ.

ಹಿಂದಿನ ವರ್ಷ ಮನೆ ಕಟ್ಟುವ ಅನುದಾನ ದೆಹಲಿಯಿಂದ ಮಾರ್ಚ್ ಕೊನೆಗೆ ಬಂತು. ಪಾಯ ಹಾಕಿಕೊಂಡವರು ಯಾರೂ ಇಲ್ಲವೆಂದು ಬಂದ ಹಾಗೇ ವಾಪಸ್ ಹೋಯಿತು. ಪಿಡಿಒ ತೀರ್ಥಪ್ರಸಾದರಿಗೆ ಅದು ದೊಡ್ಡ ಅವಮಾನ. ಈ ಸಲ ದುಡ್ಡು ಬರುತ್ತದೋ ಇಲ್ಲವೋ, ಬಂದರೂ ಯಾವಾಗಲೋ, ಮೇಲಿನವರಿಗೇ ಗೊತ್ತಿರಲಿಲ್ಲ. ಬಂದ ದಿನ ನಾವು ತಯಾರಿರಬೇಕು ಎಂದು ಅವರು ಹಟ ಹಿಡಿದರು. ಪಟ್ಟಿಯಲ್ಲಿ ಹೆಸರಿರುವವರು ಹಳೇ ಮನೆ ಕೆಡವಿ, ಪಾಯ ಹಾಕಿ, ಬಾಗಿಲು ನಿಲ್ಲಿಸಿ ಫೋಟೊ ಕೊಟ್ಟರೆ ಮೊದಲ ಕಂತು ನಮ್ಮೂರಿಗೇ ಎಂದು ಅವರ ಲೆಕ್ಕ. ಅಧ್ಯಕ್ಷೆ ಯಮುನಕ್ಕನಿಗೂ ಅದು ಸರಿಯೆನಿಸಿತು.

ಪಟ್ಟಿಯ ಮೊದಲ ಹೆಸರು ಸೋಮಿ. ನಮಗೆಲ್ಲ ಸೋಮಜ್ಜಿ. ಎಸ್ಟೇಟು ತನ್ನ ಕೂಲಿಯವರಿಗೆ ಸಾಲಾಗಿ ಕಟ್ಟಿಸಿದ ಲೈನ್‌ಮನೆಯಲ್ಲಿ ಹುಟ್ಟಿ, ಲೈನ್‌ಮನೆಯಲ್ಲೇ ಸಂಸಾರ ಮಾಡಿ, ಗಂಡ ಸತ್ತ ಮೇಲೆ ಮಗ ಮಲ್ಲನ ಕೈ ಹಿಡಿದು ಹೊರಗೆ ಬಂದವಳು. ಸರ್ಕಾರ ಕೊಟ್ಟ ತುಂಡು ಜಾಗದಲ್ಲಿ ಮಣ್ಣಿನ ಮನೆ ಕಟ್ಟಿಕೊಂಡಳು. ಲೈನಿನಲ್ಲಿ ಕೆಲಸ ಹೋದರೆ ಮನೆಯೂ ಹೋಯಿತು. ಕೂಲಿ ಲೆಕ್ಕ ನೋಡುವ ರೈಟರ್ ಹೇಳಿದ ದಿನ ಪಾತ್ರೆ ಪಗಡ ಎತ್ತಿಕೊಂಡು ಹೊರಡಬೇಕು. ತನ್ನ ಹೆಣ ಮಾತ್ರ ಸ್ವಂತ ಮನೆಯಿಂದಲೇ ಹೊರಡುತ್ತದೆ ಎಂದು ಅವಳು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಅವಳಿಗಿದ್ದ ಜಂಬ ಅದೊಂದೇ.

ಯಮುನಕ್ಕ ಖುದ್ದಾಗಿ ಹೋಗಿ, ಚಾಪೆಯ ಮೇಲೆ ಕೂತು, ಕಾಫಿ ಕುಡಿದು ಒಪ್ಪಿಸಿದರು. ಆ ಮಣ್ಣಿನ ಗೋಡೆ ಇನ್ನೆಷ್ಟು ಮಳೆಗಾಲ ತಡೆದೀತು ಎಂದರು, ಅದೂ ಸುಳ್ಳಲ್ಲ. ಮಲ್ಲ ಮನೆ ಕೆಡವಿದ. ಕಲ್ಲಿನ ಪಾಯದ ಮೇಲೆ ಹಳೇ ಮನೆಯದೇ ಬಾಗಿಲ ಚೌಕಟ್ಟನ್ನು ನಿಲ್ಲಿಸಿ ಅರಿಶಿನ ಕುಂಕುಮ ಹಚ್ಚಿದರು. ಪಿಡಿಒ ಅಜ್ಜಿಯನ್ನು ಬಾಗಿಲಲ್ಲಿ ನಿಲ್ಲಿಸಿ ಫೋಟೊ ತೆಗೆದರು. ಹೊಸ್ತಿಲು ತುಳಿಯಬಾರದೆಂದು ಅವಳು ಒಂದು ಹೆಜ್ಜೆ ಈಚೆಗೇ ನಿಂತಿದ್ದಳು.

ದುಡ್ಡು ಬರಲಿಲ್ಲ. ಪಟ್ಟಿ ಮರುಪರಿಶೀಲನೆಯಲ್ಲಿದೆ ಎಂದರು ಮೇಲಿನವರು, ಆಮೇಲೆ ಏನೂ ಹೇಳಲಿಲ್ಲ. ಯಮುನಕ್ಕ ಮಡಿಕೇರಿಗೆ ಅಲೆದು ಅಲೆದು ಸುಸ್ತಾದರು. ತಾಯಿ ಮಗ ಟಾರ್ಪಾಲಿನ ಕೆಳಗೆ ಮಲಗುತ್ತಿದ್ದರು. ಜೂನಿನ ಗಾಳಿ ಅದನ್ನೂ ಹಾರಿಸಿಕೊಂಡು ಹೋದಾಗ ಎಸ್ಟೇಟಿನ ರೈಟರ್ ಬೆಳ್ಳಿಯಪ್ಪ ಲೈನಿನಲ್ಲಿ ಒಂದು ಕೋಣೆ ಕೊಟ್ಟರು. ಮಲ್ಲ ಕೆಲಸಕ್ಕೆ ಬರಬೇಕು ಎಂಬುದಷ್ಟೇ ಮಾತು. ಅಜ್ಜಿ ಹುಟ್ಟಿದ್ದೂ ಅದೇ ಸಾಲಿನಲ್ಲಿ.

ಅವಳು ಯಾರನ್ನೂ ಬಯ್ಯಲಿಲ್ಲ. ಸಂಜೆ ಮಳೆ ಸ್ವಲ್ಪ ಬಿಟ್ಟರೆ ಕೊಡೆ ಹಿಡಿದು ಪಾಯದ ಹತ್ತಿರ ಬರುತ್ತಿದ್ದಳು. ಬಾಗಿಲಿನಿಂದ ಒಳಗೆ ಹೋಗಿ, ಬಿದ್ದ ಎಲೆ ಗುಡಿಸಿ, ಕಸವನ್ನೂ ಹೊಸ್ತಿಲು ದಾಟಿಸಿಯೇ ಹೊರಗೆ ಹಾಕುತ್ತಿದ್ದಳು. ಒಂದು ದಿನ ಪೈಪು ನೋಡಲು ಹೋಗಿದ್ದ ನಾನು ತಮಾಷೆಗೆ ಕೇಳಿದೆ, ಗೋಡೆಯೇ ಇಲ್ಲವಲ್ಲ ಅಜ್ಜಿ, ಅಷ್ಟು ಸುತ್ತಿ ಬರುವುದು ಯಾಕೆ ಎಂದು.

“ಮನೇಗೆ ಬಾಗ್ಲಿಂದ ಬರ್ದೆ ಇನ್ನೆಲ್ಲಿಂದ ಬರೋದು ಚಂದ್ರು?” ಎಂದಳು. ನನ್ನ ನಗು ನಿಂತುಹೋಯಿತು.

ಆಗಸ್ಟಿನಲ್ಲಿ ಜ್ವರ ಹಿಡಿಯಿತು. ಸುಂಟಿಕೊಪ್ಪದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ, ಲೈನಿಗೆ ವಾಪಸ್ ತಂದ ಮಾರನೇ ಬೆಳಗ್ಗೆ ಹೋಗಿಬಿಟ್ಟಳು. ಮಲ್ಲ ಅಳಲಿಲ್ಲ. ಲೈನಿನವರು ಚಟ್ಟ ಕಟ್ಟಲು ಬಿದಿರು ತಂದಾಗ ಮಾತ್ರ ಇಲ್ಲಿಂದ ಬೇಡ ಎಂದು ತಡೆದ. ತಾಯಿಯನ್ನು ಕಂಬಳಿಯಲ್ಲಿ ಸುತ್ತಿ, ತೋಳಿನಲ್ಲಿ ಎತ್ತಿಕೊಂಡು ಪಾಯದವರೆಗೆ ನಡೆದ. ಅವಳ ಕಾಲು ಚೌಕಟ್ಟಿಗೆ ತಾಗದಂತೆ ಓರೆಯಾಗಿ ಒಳಗೆ ಹೋದ. ನಾವೆಲ್ಲ ಅವನ ಹಿಂದೆ ಹೋದೆವು. ನಾಲ್ಕೂ ಕಡೆ ಬಯಲಿದ್ದರೂ ಒಬ್ಬನೂ ಪಕ್ಕದಿಂದ ಕಾಲಿಡಲಿಲ್ಲ.

ಮಳೆ ಹನಿಯುತ್ತಿತ್ತು. ಅಜ್ಜಿಯ ಮುಖ ನೆನೆಯದಂತೆ ನಾನು ಅವಳದೇ ಕೊಡೆ ಹಿಡಿದು ಕೂತೆ. ಅಷ್ಟರಲ್ಲಿ ಯಮುನಕ್ಕ, ಪಿಡಿಒ ಬಂದರು. ಪಿಡಿಒ ರಸ್ತೆಯಲ್ಲೇ ನಿಂತುಬಿಟ್ಟರು. ಯಮುನಕ್ಕ ಗೋಡೆ ಇರಬೇಕಾಗಿದ್ದ ಕಡೆ ನಿಂತು ನಮ್ಮನ್ನು ನೋಡುತ್ತ ಅಳುತ್ತಿದ್ದರು. ಮಲ್ಲ ತಲೆಯೆತ್ತಿದ. ಈಗ ಬಯ್ಯುತ್ತಾನೆ ಎಂದುಕೊಂಡೆ. ಬಯ್ಯಲಿ ಎಂದು ಆಸೆಯೂ ಪಟ್ಟೆ.

“ಹೊರ್ಗೆ ಯಾಕ್ ನಿಂತ್ರಿ ಅಕ್ಕ, ಒಳಗ್ ಬನ್ನಿ” ಎಂದ.

ಯಮುನಕ್ಕ ಸುತ್ತಿ ಬಂದು ಚಪ್ಪಲಿ ಬಿಟ್ಟರು. ತಲೆ ಬಗ್ಗಿಸಿ, ಹೊಸ್ತಿಲು ತುಳಿಯದೆ, ಬಾಗಿಲಿನಿಂದ ಒಳಗೆ ಬಂದರು. ಒಳಗೂ ಮಳೆ ಬರುತ್ತಿತ್ತು.