ಮೊಲದ ಹೊಟ್ಟೆಯಲ್ಲಿ ಸಬ್ಬಸಿಗೆ ಬೀಜ

ಮಗಳು ದೂರದೂರಿಗೆ ಹೊರಟಳು ಅಂದರೆ ತಾಯಿಯ ಕೈ ಸುಮ್ಮನಿರೋದಿಲ್ಲ. ಒಂದು ಭರಣಿ ಉಪ್ಪಿನಕಾಯಿ, ಒಂದು ಚೀಲ ಒಣಗಿಸಿದ ಅಣಬೆ, ಹೀಗೆ ಏನಾದರೂ ಕಟ್ಟಿಕೊಟ್ಟರೇನೇ ಸಮಾಧಾನ. ಮಾಸ್ಕೋ ಹತ್ತಿರದ ಹಳ್ಳಿಯ ಕ್ಲಾವಾಗೆ ಆ ಭಾಗ್ಯವೂ ಇರಲಿಲ್ಲ. ಅವಳ ಮಗಳು ವಾರ್ಯಾ ಹೊರಟಿದ್ದು ಬಾಹ್ಯಾಕಾಶ ನಿಲ್ದಾಣಕ್ಕೆ, ಅರ್ಧ ವರ್ಷದ ಮಟ್ಟಿಗೆ. ಅಲ್ಲಿಗೆ ಅಮ್ಮ ಕಟ್ಟಿದ ಗಂಟು ಹೋಗೋದಿಲ್ಲ.

ಹೋಗೋದು ಒಂದೇ, ಗೊಂಬೆ. ರಾಕೆಟ್ಟಿನಲ್ಲಿ ಕೂತವರು ಕಣ್ಣೆದುರಿಗೆ ಒಂದು ಪುಟ್ಟ ಗೊಂಬೆಯನ್ನು ದಾರದಲ್ಲಿ ತೂಗುಹಾಕಿಕೊಳ್ತಾರೆ. ಗೊಂಬೆ ತೇಲಾಡತೊಡಗಿದರೆ ಮೇಲಕ್ಕೆ ಮುಟ್ಟಿದೆವು ಅಂತ ಲೆಕ್ಕ. ಈ ಸಲದ ಗೊಂಬೆಯನ್ನು ನಮ್ಮಮ್ಮನೇ ಹೆಣೀತಾಳೆ ಅಂತ ವಾರ್ಯಾ ಹೇಳಿಬಿಟ್ಟಿದ್ದಳು. ಕ್ಲಾವಾ ತೀರಿಹೋದ ಗಂಡ ಯೆಗೋರನ ಬೂದು ಸ್ವೆಟರು ಬಿಚ್ಚಿ, ನೂಲು ತೊಳೆದು, ಒಂದು ಮೊಲ ಹೆಣೆದಳು.

ಸಂಜೆ ಚಹಾಕ್ಕೆ ಬಂದ ಪಕ್ಕದ ಮನೆ ನೆಲ್ಲಿ ಮೊಲವನ್ನೆತ್ತಿ ಅಲ್ಲಾಡಿಸಿದಳು. ಬಾಹ್ಯಾಕಾಶದಲ್ಲಿ ತರಕಾರಿ ಬೆಳೆಯೋದು ಹೇಗೆ ಅಂತ ನೋಡುವ ಪ್ರಯೋಗಾಲಯದಲ್ಲೇ ತಲೆ ಹಣ್ಣಾಗಿಸಿಕೊಂಡ ಹೆಂಗಸು ಅವಳು.

"ಇದೇನೇ ಕ್ಲಾವಾ, ಮೊಲದ ಹೊಟ್ಟೇಲಿ ಜರಜರ ಸದ್ದು?"

"ಮೆಲ್ಲಗೆ ಮಾತಾಡೇ! ಸಬ್ಬಸಿಗೆ ಬೀಜ. ಯೆಗೋರ್ ಕೊನೇ ಸಲ ಎತ್ತಿಟ್ಟಿದ್ದು."

"ಬರೀ ಬೀಜಾನಾ?"

"ಒಂದು ಚಿಟಿಕೆ ನಮ್ಮ ತೋಟದ ಮಣ್ಣೂ ಇದೆ. ಮನೆ ಮಣ್ಣಿಲ್ದೆ ದೂರ ಹೋದೋರು ನಮ್ಮಲ್ಲಿ ಯಾರಿದಾರೆ ಹೇಳು? ಯೆಗೋರ್ ಸೈನ್ಯಕ್ಕೆ ಹೋದಾಗ ಅವನ ಜೇಬಲ್ಲೂ ಇತ್ತು."

ನೆಲ್ಲಿ ಚಹಾದ ಲೋಟ ಕೆಳಗಿಟ್ಟಳು. "ಬಿಚ್ಚು ಇದನ್ನ."

"ನಿನಗೇನೇ ಗೊತ್ತು?" ಕ್ಲಾವಾ ಮೊಲವನ್ನು ಕಿತ್ತುಕೊಂಡಳು. "ಹೋದ ಸಲ ವಾರ್ಯಾ ಮೇಲೆ ಹೋಗಿಬಂದಾಗ ಅವಳ ಕೆನ್ನೆ ಬತ್ತಿದ್ದು ನೋಡಿದ್ಯಲ್ಲ? 'ಊಟಕ್ಕೇನೂ ಕಮ್ಮಿ ಇರ್ಲಿಲ್ಲಮ್ಮಾ, ಹಸಿ ಸೊಪ್ಪಿನ ವಾಸನೆ ಹೇಗಿರತ್ತೆ ಅನ್ನೋದೇ ಮರ್ತುಹೋಗಿತ್ತು' ಅಂದ್ಳು. ಅದನ್ನ ಕೇಳಿ ನಾನು ಹೇಗೆ ಸುಮ್ಮನಿರಲಿ?"

ಕ್ಲಾವಾಗೆ ಆ ಹಳೆಯ ಬೇಸಿಗೆಗಳೆಲ್ಲ ನೆನಪಾದವು. ಎಳೆ ಆಲೂಗಡ್ಡೆ ಬೇಯಿಸಿ, ಬೆಣ್ಣೆ ಹಾಕಿ, ಮೇಲೆ ಕೈತುಂಬ ಸಬ್ಬಸಿಗೆ ಉದುರಿಸಿದರೆ ಬೇಲಿಯಾಚೆಯವರೂ ಮೂಗರಳಿಸುತ್ತಿದ್ದರು. ಪುಟ್ಟ ವಾರ್ಯಾ ಅಷ್ಟು ಹೊತ್ತೂ ಕಾಯುತ್ತಿರಲಿಲ್ಲ. ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಧೂಳು ಸಮೇತ ಚಿವುಟಿ ಬಾಯಿಗೆ ಹಾಕಿಕೊಳ್ಳೋಳು. "ತೊಳೆದು ತಿನ್ನೇ!" ಅಂತ ಇವಳು ಅಡುಗೆಮನೆ ಕಿಟಕಿಯಿಂದ ಕಿರುಚೋಳು. "ಬಿಡೇ, ಮಣ್ಣು ತಿಂದ್ರೆ ಗಟ್ಟಿಯಾಗ್ತಾಳೆ" ಅಂತ ಯೆಗೋರ್ ಗುದ್ದಲಿಗೆ ಒರಗಿ ನಗೋನು. ಎಂಥಾ ದಿನಗಳು! ಆ ನಗು ಈಗ ಎಲ್ಲಿಂದ ತರೋದು?

"ಸೊಪ್ಪು ಬೇಡ ಅಂತ ನಾನೆಲ್ಲಿ ಅಂದೆ?" ನೆಲ್ಲಿ ಮೆತ್ತಗಾದಳು. "ಬೇಕೇ ಬೇಕು. ಪೊಟ್ಟಣದ ಊಟ ತಿಂಗಳುಗಟ್ಟಲೆ ಇಟ್ರೆ ಅದರ ಸತ್ವ ಇಳೀತಾ ಹೋಗತ್ತೆ. ಜೊತೆಗೆ ಮನಸ್ಸೂ ಬೇಕಲ್ಲ ಕಣೇ. ನಮ್ಮ ಕಾಲದಲ್ಲಿ ಮೇಲೆ ಹೋದ ಗಂಡಸರು ಒಂದು ಮೂಲಂಗಿ ಎಲೆ ಬಂದ್ರೆ ಸಾಕು, ಅದರ ಮುಂದೆ ತೇಲ್ತಾ ನೋಡ್ತಾ ಇರ್ತಿದ್ರು. ತಿನ್ನೋಕೆ ಮಾತ್ರ ಬಿಡ್ತಿರ್ಲಿಲ್ಲ ನಾವು. ಮೊದ್ಲು ಕೆಳಗೆ ಕಳ್ಸಿ, ಪರೀಕ್ಷೆ ಆಗ್ಲಿ ಅಂತಿದ್ವಿ. ಎಷ್ಟು ಬೈಕೊಂಡಿರ್ತಾರೋ ನಮ್ಮನ್ನ!"

"ನಾನೂ ಬೀಜಾನ ಕ್ರಿಮಿ ಸಾಯ್ಲಿ ಅಂತ ನೇರಳೆ ಔಷಧಿ ನೀರಲ್ಲಿ ನೆನೆಸಿ ಒಣಗಿಸಿದೀನಮ್ಮಾ. ಇನ್ನೇನು ಬೇಕು?"

"ಬೀಜ ನೆನೆಸ್ದೆ ಸರಿ. ಮಣ್ಣು?"

ಕ್ಲಾವಾ ಮೊಲದ ಕಿವಿ ತೀಡುತ್ತಾ ಗೊಣಗಿದಳು, "ಇಷ್ಟು ವರ್ಷ ಈ ಮಣ್ಣಲ್ಲಿ ಬೆಳೆದಿದ್ದೇ ತಿಂದ್ವಿ. ಯಾರಿಗೇನಾಯ್ತು?"

"ಹಾಗಾದ್ರೆ ನೋಡೇಬಿಡೋಣ. ಒಂದು ಗಾಜಿನ ಜಾಡಿ ಕೊಡು."

ಮೊಲದ ಹೊಟ್ಟೆಯ ಹೊಲಿಗೆ ಸ್ವಲ್ಪ ಸಡಿಲಿಸಿ, ಒಂದಿಷ್ಟು ಬೀಜ ಮತ್ತು ಮಣ್ಣನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿದರು. ಜಾಡಿಗೆ ಬಿಗಿಯಾಗಿ ಮುಚ್ಚಳ ಹಾಕಿ ಬೆಚ್ಚಗಿರಲಿ ಅಂತ ಒಲೆಯ ಪಕ್ಕ ಇಟ್ಟರು. ಗೊಂಬೆ ಕೊಂಡೊಯ್ಯೋರು ಬರೋಕೆ ಇನ್ನೂ ಮೂರು ವಾರವಿತ್ತು. ಕ್ಲಾವಾ ದಿನವೂ ಇಣುಕಿದಳು. ಬೀಜ ಬಿರಿದಾಗ, "ನೋಡಿದ್ಯಾ ನನ್ನ ಯೆಗೋರನ ಬೀಜಾನ!" ಅಂತ ಬೇಲಿಯಾಚೆಗೆ ಕೂಗಿಯೂ ಕೂಗಿದಳು. ಆಮೇಲೆ ಮೊಳಕೆಯ ಸುತ್ತ ಬೂದು ಬೂಷ್ಟು ಹಬ್ಬತೊಡಗಿತು. ಎರಡು ವಾರ ತುಂಬೋ ಹೊತ್ತಿಗೆ ಜಾಡಿಯಲ್ಲಿ ಹಸಿರೇ ಕಾಣಲಿಲ್ಲ.

ನೆಲ್ಲಿ ಬಂದು ಮುಚ್ಚಳ ತೆಗೆದಳು. ಗಬ್ಬು ವಾಸನೆ ಅಡುಗೆಮನೆಗೆಲ್ಲ ಹರಡಿತು. "ಥೂ!" ಅಂತ ಕ್ಲಾವಾ ಕಿಟಕಿಯ ಚಿಲಕಕ್ಕೆ ಕೈ ಹಾಕಿದಳು.

ನೆಲ್ಲಿ ಆ ಕೈ ಹಿಡಿದುಕೊಂಡಳು. "ಅಲ್ಲಿ ವಾರ್ಯಾ ಯಾವ ಕಿಟಕಿ ತೆಗೀತಾಳೆ, ಕ್ಲಾವಾ?"

ಕ್ಲಾವಾ ಜಾಡಿಯ ಮುಚ್ಚಳ ಒತ್ತಿ ಹಾಕಿದಳು.

"ಅಲ್ಲಿ ಇರೋ ಗಾಳೀನೇ ತಿರುಗಿ ತಿರುಗಿ ಉಸಿರಾಡ್ಬೇಕು" ಅಂದಳು ನೆಲ್ಲಿ. "ಸೊಪ್ಪು ತೊಳೆಯೋಕೆ ನಲ್ಲಿ ಇಲ್ಲ. ಕಾಯಿಲೆ ಬಿದ್ರೆ ಪಕ್ಕದ ಬೀದಿ ಡಾಕ್ಟರಿಲ್ಲ. ಅದಕ್ಕೇ ಬೀಜಾನ ಶುಚಿ ಮಾಡಿ, ಮಣ್ಣಿನ ಬದಲು ಬಿಸಿಯಲ್ಲಿ ಶುದ್ಧಿ ಮಾಡಿದ ಜೇಡಿಹರಳು ತುಂಬಿದ ಚೀಲದಲ್ಲಿ ನೆಟ್ಟು, ದೀಪದ ಬೆಳಕಲ್ಲಿ ಬೆಳೆಸ್ತೀವಿ. ಈ ಸಲ ಅವಳ ಜೊತೆ ಸಬ್ಬಸಿಗೇನೂ ಹೋಗ್ತಿದೆ. ಅವಳೇ ಕೇಳಿ ಹಾಕಿಸ್ಕೊಂಡಿದಾಳೆ."

"ಆದ್ರೆ ಅದು ಯೆಗೋರನ ಸಬ್ಬಸಿಗೆ ಅಲ್ವಲ್ಲೇ" ಅಂತ ಕ್ಲಾವಾ ಅತ್ತೇಬಿಟ್ಟಳು.

"ಅಯ್ಯೋ ಹುಚ್ಚೀ, ಮೊಲ ಯಾರ ಸ್ವೆಟರಿನದು?"

ಕ್ಲಾವಾ ಮೂಗೊರೆಸಿಕೊಂಡಳು. ಕತ್ತರಿ ತಂದು ಹೊಲಿಗೆ ಪೂರ್ತಿ ಬಿಚ್ಚಿದಳು. ಖಾಲಿ ಮೊಲವನ್ನು ಮತ್ತೊಮ್ಮೆ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಶುದ್ಧವಾದ ಹತ್ತಿ ತುಂಬಿ ಹೊಲಿದಳು. ಉಳಿದ ಬೀಜವನ್ನು ಕಿಟಕಿಯ ಕುಂಡದಲ್ಲಿ ಬಿತ್ತಿದಳು.

ರಾಕೆಟ್ ಹಾರಿದ ದಿನ ಬೂದು ಮೊಲ ತೇಲಾಡಿದ್ದನ್ನು ಟಿವಿಯಲ್ಲಿ ನೋಡಿ ಇಬ್ಬರೂ ಕೈ ಕೈ ಹಿಡಿದುಕೊಂಡರು. ಅದಾಗಿ ಒಂದೆರಡು ತಿಂಗಳಿಗೆ, ಒಂದು ಭಾನುವಾರ, ಕ್ಲಾವಾಳ ಅಡುಗೆಮನೆಯ ಕಂಪ್ಯೂಟರ್ ಪರದೆಯ ಮೇಲೆ ವಾರ್ಯಾ ಕಾಣಿಸಿಕೊಂಡಳು. ಕೂದಲು ನಾಲ್ಕು ದಿಕ್ಕಿಗೂ ಹರಡಿತ್ತು. ಕೈಯಲ್ಲಿ ಹಸಿರು ಸಬ್ಬಸಿಗೆ ಎಸಳು.

"ಅಮ್ಮಾ, ಇಲ್ನೋಡು!"

ಕ್ಲಾವಾ ಬಾಯಿ ತೆರೆಯೋ ಮೊದಲೇ ಅವಳು ನಕ್ಕಳು. "ಗೊತ್ತು, ಗೊತ್ತು! ಶುಚಿ ಮಾಡೋ ಬಟ್ಟೇಲಿ ಒರೆಸಿದೀನಿ. ಅರ್ಧ ಪರೀಕ್ಷೆಗೆ ಎತ್ತಿಟ್ಟಿದೀನಿ. ಈಗಲಾದ್ರೂ ತಿನ್ಲಾ?"

"ತಿನ್ನೇ ನನ್ನ ಕಂದಾ."

ವಾರ್ಯಾ ಎಸಳನ್ನು ಮೂಗಿಗೆ ಹಿಡಿದು ಕಣ್ಮುಚ್ಚಿದಳು. ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದಳು. "ಅಪ್ಪ ಪಾತಿ ಹತ್ರ ನಿಂತಿದ್ದಂಗೆ ಆಯ್ತಮ್ಮಾ" ಅಂದಳು.

ಕ್ಲಾವಾ ಕಿಟಕಿಯ ಕುಂಡವನ್ನೆತ್ತಿ ಪರದೆಯ ಮುಂದೆ ಹಿಡಿದಳು. "ಅಪ್ಪನದು ಇಲ್ಲಿದೆ. ಬೇಗ ಬಂದು ಚಿವುಟು. ತೊಳೆದು ಕೊಡ್ತೀನಿ."

ನೋಡಿ, ನಲ್ಲಿಯಿಲ್ಲದ, ತೆಗೆಯೋಕೆ ಕಿಟಕಿಯೂ ಇಲ್ಲದ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಸೊಪ್ಪು ಬೆಳೆದು, ಶುಚಿ ಮಾಡಿ ತಿಂದಳು. ನಮಗೇನು ಧಾಡಿ? ಒಂದು ಹಳೇ ಬಕೆಟ್ಟಿದ್ದರೂ ಸಾಕು, ಇವತ್ತೇ ನಾಲ್ಕು ಬೀಜ ಹಾಕಿ. ಚರಂಡಿ ನೀರು ಬೇಡ, ಹಸಿ ಗೊಬ್ಬರ ಬೇಡ. ಸಂತೆಯಿಂದ ತಂದ ಸೊಪ್ಪಾದರೂ ಅಷ್ಟೇ, ಬಿಡಿಸಿ, ಒಳ್ಳೇ ನೀರಲ್ಲಿ ಮಣ್ಣು ಹೋಗೋ ತನಕ ತೊಳೆದೇ ಒಲೆಗೋ ಎಲೆಗೋ ಹಾಕಿ. ಮಕ್ಕಳು ಹಾಗೇ ಚಿವುಟಿ ಬಾಯಿಗಿಡೋಕೆ ಹೋದರೆ ಕಿಟಕಿಯಿಂದಲೇ ಗಟ್ಟಿಯಾಗಿ ಕೂಗಿ, "ತೊಳೆದು ತಿನ್ನೇ!" ಅಂತ. ಈಗ ಮುಖ ಊದಿಸಿಕೊಳ್ತಾರೆ, ಇರಲಿ. ಎಷ್ಟು ದೂರ ಹೋದರೂ ಆ ಕೂಗು ಅವರ ಕಿವಿಯಲ್ಲಿರತ್ತೆ.